ಮುಂಡಾಸು ಕಟ್ಟುವ ಸೌದಾಮಿನಿ

ಇಂಡಿಯನ್ ಗ್ರೋಸರಿ ಅಂಗಡಿಯ ಬಾಗಿಲಲ್ಲಿ ಬಿಟ್ಟಿ ಪತ್ರಿಕೆಗಳ ಕಟ್ಟು ಇರುತ್ತದಲ್ಲ, ಅದರ ಮೇಲ್ಪುಟದಲ್ಲಿ ಪ್ರಣೀತಾಳ ಫೋಟೋ ಇತ್ತು. ಮೈಮೇಲೆ ಕೆಂಪು ದಗಲೆ ಅಂಗಿ, ಎದೆಯ ತುಂಬ ಆಭರಣ, ಅರ್ಧ ಹೆಜ್ಜೆ ಗಾಳಿಯಲ್ಲಿ, ತಲೆಯ ಮೇಲೆ ಕಪ್ಪುಬಟ್ಟೆಗೆ ಜರಿಯಂಚು ಹಿಡಿಸಿದ ಎತ್ತರದ ಮುಂಡಾಸು. ‘ಕರಾವಳಿಯ ಯಕ್ಷಗಾನವನ್ನು ಕ್ಯಾಲಿಫೋರ್ನಿಯಾದಲ್ಲಿ ಉಳಿಸುತ್ತಿರುವ ಹೆಣ್ಣುಮಗಳು’ ಎಂದು ಕೆಳಗೆ ಇಂಗ್ಲಿಷಿನಲ್ಲಿ ಬರೆದಿದ್ದರು.

ಸೌದಾಮಿನಿ ಬಸಳೆಯ ಕಟ್ಟನ್ನು ಕಂಕುಳಲ್ಲಿ ಒತ್ತಿಕೊಂಡು ನಿಂತು ಪೂರ್ತಿ ಓದಿದಳು. ಎರಡು ಅಂಕಣದ ಬರಹದಲ್ಲಿ ಪ್ರಣೀತಾ ಉಡುಪಿಯಲ್ಲಿ ಕುಣಿತ ಕಲಿತದ್ದಿತ್ತು, ಸ್ಯಾನ್ ಫ್ರಾನ್ಸಿಸ್ಕೋದ ಸ್ಟಾರ್ಟಪ್ಪಿನ ಕೆಲಸವಿತ್ತು, ಅವಳು ಸಾಕಿದ ಬೆಕ್ಕಿನ ಹೆಸರು ಕೂಡ ಇತ್ತು. ಆ ಮುಂಡಾಸನ್ನು ಮುಕ್ಕಾಲು ಗಂಟೆ ನಿಂತು ಕಟ್ಟಿದವಳ ಹೆಸರು ಇರಲಿಲ್ಲ. ಸೌದಾಮಿನಿ ಆಚೀಚೆ ನೋಡಿದಳು. ಯಾರೂ ಇರಲಿಲ್ಲ. ಇಡೀ ಕಟ್ಟನ್ನು ಮಗುಚಿ ಹಾಕಿ, ಹಿಂಬದಿಯ ಮನೆ ಮಾರಾಟದ ಜಾಹೀರಾತು ಮೇಲೆ ಬರುವಂತೆ ಮಾಡಿ ಕಾರು ಹತ್ತಿದಳು.

ಹೊಟ್ಟೆಕಿಚ್ಚು ಅವಳಿಗೆ ಹೊಸದಲ್ಲ. ಅದು ಅವಳ ಜೊತೆಗೇ ಬೆಳೆದದ್ದು. ಬ್ರಹ್ಮಾವರದ ಹತ್ತಿರದ ಹಳ್ಳಿಯಲ್ಲಿ ಅವಳಪ್ಪ ಯಕ್ಷಗಾನ ಮೇಳವೊಂದರಲ್ಲಿ ವೇಷ ಕಟ್ಟಿಕೊಡುವ ಕೆಲಸದಲ್ಲಿದ್ದರು. ತಿರುಗಾಟದ ತಿಂಗಳುಗಳಲ್ಲಿ ಅವರು ಮನೆಯಲ್ಲಿ ಇರುತ್ತಿರಲಿಲ್ಲ. ಮಳೆಗಾಲದಲ್ಲಿ ಮೇಳ ನಿಂತಾಗ ಮಾತ್ರ ಹರಿದ ದಗಲೆ, ಜರಿ ಎದ್ದ ಪಟ್ಟಿ, ಕಪ್ಪುಬಟ್ಟೆಯ ಸುರುಳಿ ಎಲ್ಲ ಮನೆಗೆ ಬರುತ್ತಿದ್ದವು. ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಚೌಕಿಗೆ ಹೆಣ್ಣುಮಕ್ಕಳು ಕಾಲಿಡುವಂತಿರಲಿಲ್ಲ; ಮನೆಯ ಚಾವಡಿಗೆ ಆ ಕಟ್ಟಳೆ ಇರಲಿಲ್ಲ. ಬೈಹುಲ್ಲನ್ನು ಬಟ್ಟೆಯೊಳಗೆ ಬಿಗಿದು ಹಗ್ಗದಂತೆ ಮಾಡುವುದು, ಅದನ್ನು ಸುತ್ತಿ ಸುತ್ತಿ ಮುಂಡಾಸಿನ ಆಕಾರ ಏರಿಸುವುದು, ಮೇಲೆ ಕಪ್ಪುಬಟ್ಟೆ ಎಳೆದು ಜರಿ ಕೂರಿಸುವುದು, ಇಷ್ಟನ್ನೂ ಅವಳು ಅಪ್ಪನ ಪಕ್ಕ ಕೂತು ಕಲಿತಳು. ಕಟ್ಟಿನೋಡಲು ತಲೆ ಯಾರು ಕೊಡಬೇಕು? ಬಾವಿಕಟ್ಟೆಯ ತಾಮ್ರದ ಕೊಡವನ್ನು ಕವುಚಿ ಹಾಕಿ ಅದಕ್ಕೇ ಕಟ್ಟಿದಳು.

ಆದರೆ ಅವಳಿಗೆ ಬೇಕಿದ್ದದ್ದು ಕಟ್ಟುವುದಲ್ಲ, ಕುಣಿಯುವುದು. ಕುಣಿತಕ್ಕೆ ತಮ್ಮನನ್ನು ಕಳಿಸಿದರು. ಅವನಿಗೋ ತಾಳ ಎಂದರೆ ಜ್ವರ. ಮೂರು ತಿಂಗಳಲ್ಲಿ ತಪ್ಪಿಸಿಕೊಂಡು ಓಡಿಬಂದ. ಅವನು ಬಿಟ್ಟುಬಂದ ಜಾಗಕ್ಕೆ ತನ್ನನ್ನು ಕಳಿಸಿ ಎಂದು ಅವಳು ಕೇಳಿದ್ದಕ್ಕೆ ಅಮ್ಮ ಬಾಯಿ ತುಂಬ ನಕ್ಕಿದ್ದರು. ತಮ್ಮ ಇವತ್ತು ಮುಂಬಯಿಯಲ್ಲಿ ಎರಡು ಹೋಟೆಲ್ ನಡೆಸುತ್ತಾನೆ, ಅಕ್ಕನ ಹುಟ್ಟುಹಬ್ಬಕ್ಕೆ ತಪ್ಪದೆ ಫೋನ್ ಮಾಡುತ್ತಾನೆ. ಆ ಮೂರು ತಿಂಗಳನ್ನು ಅವಳು ಅವನಿಗೆ ಈಗಲೂ ಕ್ಷಮಿಸಿಲ್ಲ.

ಮದುವೆಯಾದ ಮೇಲೆ ಗಂಡ ಭೋಜನ ಜೊತೆ ಅಮೆರಿಕಕ್ಕೆ ಬಂದಳು. ಭೋಜ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಬಯೋಟೆಕ್ ಕಂಪೆನಿಯೊಂದರಲ್ಲಿ ಬಾಯ್ಲರು, ಏರ್ ಕಂಡಿಷನರುಗಳ ಮೆಕ್ಯಾನಿಕ್. ದಿನಾ ಮನೆಯಿರುವ ವಾಲ್ನಟ್ ಕ್ರೀಕಿನಿಂದ ರೈಲಿನಲ್ಲಿ ಹೋಗಿ ಬರುತ್ತಾನೆ. ಸೌದಾಮಿನಿ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಪ್ಯಾಂಟಿನ ಅಂಚು ಮಡಚುತ್ತಾಳೆ, ಮದುವೆಯ ಬಿಳಿ ಗೌನುಗಳ ಸೊಂಟ ಸಡಿಲಿಸುತ್ತಾಳೆ. ಹದಿನಾಲ್ಕು ವರ್ಷದ ಹಿಂದೆ ಊರಿನವರು ಕೆಲವರು ಸೇರಿ ಯಕ್ಷಗಾನದ ತಂಡ ಕಟ್ಟಿದಾಗ, ವೇಷಕ್ಕೆ ಯಾರು ಎಂಬ ಪ್ರಶ್ನೆ ಬಂತು. ಭೋಜ, ‘ನನ್ನ ಹೆಂಡತಿಗೆ ಬರ್ತದೆ’ ಎಂದ. ಅವತ್ತಿನಿಂದ ಅವರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ.

ಬೈಹುಲ್ಲಿಗೆ ಪಟ್ಟ ಪಾಡು ಅವಳಿಗೇ ಗೊತ್ತು. ಕುದುರೆಗೆ ಹಾಕುವ ಒಣಹುಲ್ಲು ತಂದರೆ ಲಟಲಟ ಮುರಿಯಿತು. ಒಂದು ದಿನ ಫ್ರೀವೇ ಪಕ್ಕದಲ್ಲಿ ರಸ್ತೆ ಅಗೆಯುತ್ತಿದ್ದಲ್ಲಿ, ಮಣ್ಣು ಕೊಚ್ಚಿಹೋಗದಂತೆ ಅಡ್ಡ ಮಲಗಿಸಿದ್ದ, ಬಲೆಯೊಳಗೆ ತುರುಕಿದ ಹೆಬ್ಬಾವಿನಂಥ ಹುಲ್ಲಿನ ಸುರುಳಿಗಳು ಕಂಡವು. ಕಾರಿನ ಕಿಟಕಿ ಇಳಿಸಿದಳು. ಮಳೆ ನೆನೆದ ಅದರ ವಾಸನೆ ಮೂಗಿಗೆ ಬಂದದ್ದೇ, ‘ರೀ, ಇದು ಭತ್ತದ ಹುಲ್ಲು!’ ಎಂದು ಕೂಗಿದಳು. ಸ್ಯಾಕ್ರಮೆಂಟೊ ಕಡೆಯ ಗದ್ದೆಗಳದ್ದಂತೆ. ಭೋಜ ತನ್ನ ಕಂಪೆನಿಯಲ್ಲಿ ಕಟ್ಟಡದ ಕೆಲಸ ಮಾಡಿಸುತ್ತಿದ್ದವನನ್ನು ಕೇಳಿ, ಹರಿದುಹೋದ ಒಂದು ಸುರುಳಿಯನ್ನು ತಂದುಕೊಟ್ಟ. ಅಂದಿನಿಂದ ಅವಳ ಮುಂಡಾಸುಗಳು ಗಟ್ಟಿ ನಿಂತವು. ಊರಿನಲ್ಲೇ ಈಗ ಅಂಟು ಹಾಕಿ ಮಾಡಿದ ರೆಡಿಮೇಡ್ ಮುಂಡಾಸುಗಳನ್ನು ಟೋಪಿಯಂತೆ ಇಟ್ಟುಕೊಳ್ಳುವವರೇ ಹೆಚ್ಚು. ಇಲ್ಲಿ, ಎಂಟು ಸಾವಿರ ಮೈಲಿಗೂ ಆಚೆ, ಒಬ್ಬಳು ಇನ್ನೂ ಕೈಯಲ್ಲಿ ಕಟ್ಟುತ್ತಿದ್ದಳು.

ಪ್ರಣೀತಾ ತಂಡಕ್ಕೆ ಬಂದು ಎರಡು ವರ್ಷ. ಇಪ್ಪತ್ತೊಂಬತ್ತರ ಹುಡುಗಿ, ಉಡುಪಿಯವಳೇ. ಮೊದಲ ದಿನ ಗ್ಯಾರೇಜಿಗೆ ಬಂದು ಹುಲ್ಲಿನ ಸುರುಳಿ ಮೂಸಿ, ‘ಆಂಟಿ, ನಂಗೆ ಅಳು ಬರ್ತಾ ಉಂಟು’ ಎಂದಿದ್ದಳು. ಸೌದಾಮಿನಿಗೆ ಆ ಹುಡುಗಿ ಹಿಡಿಸಿದಳು. ನೀರ್‌ದೋಸೆ ಮಾಡಿ ತಿನ್ನಿಸಿದಳು. ಅದೆಲ್ಲ ಅವಳು ಕುಣಿಯುವುದನ್ನು ನೋಡುವವರೆಗೆ. ಪ್ರಣೀತಾ ಗಿರಕಿ ಹೊಡೆಯತೊಡಗಿದರೆ ಚೆಂಡೆಯವನಿಗೇ ಕೈ ಸೋಲಬೇಕು. ತನಗೆ ಯಾವುದನ್ನು ಕೇಳಿದ್ದಕ್ಕೆ ನಗು ಸಿಕ್ಕಿತೋ ಅದನ್ನು ಈ ಹುಡುಗಿಗೆ ಅಪ್ಪ ಅಮ್ಮ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ಕಲಿಸಿದ್ದರು. ಹುಟ್ಟಿದ ವರ್ಷವೊಂದನ್ನು ಬಿಟ್ಟರೆ ತಮ್ಮಿಬ್ಬರ ನಡುವೆ ಏನು ವ್ಯತ್ಯಾಸ ಎಂದು ಯೋಚಿಸಿದಾಗಲೆಲ್ಲ ಸೌದಾಮಿನಿಯ ಹೊಟ್ಟೆಯೊಳಗೆ ಸೌದೆ ಒಲೆ ಹೊತ್ತಿಕೊಳ್ಳುತ್ತಿತ್ತು. ಆ ಹೊತ್ತಿನಲ್ಲೇ ಅವಳು ಆ ತಲೆಗೆ ಮುಂಡಾಸು ಕಟ್ಟಬೇಕು. ಕೂದಲು ಬಾಚಿ, ಪಟ್ಟಿ ಬಿಗಿದು, ‘ನೋವಾಗ್ತದಾ?’ ಎಂದು ಕೇಳಬೇಕು.

ಪತ್ರಿಕೆಯಲ್ಲಿ ಫೋಟೋ ಬಂದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಕಲಾ ಸಂಸ್ಥೆಯಿಂದ ಕರೆ ಬಂತು. ವಲಸೆ ಬಂದ ಹೆಂಗಸರು ಯಾವ ಯಾವ ಪಾರಂಪರಿಕ ಕಲೆಗಳನ್ನು ಉಳಿಸಿಕೊಂಡಿದ್ದಾರೆ ಎಂದು ಅವರು ದಾಖಲಿಸುತ್ತಿದ್ದರು. ಆಯ್ಕೆಯಾದವರು ವರ್ಷವಿಡೀ ಒಬ್ಬ ಶಿಷ್ಯೆಗೆ ಕಲಿಸಬೇಕು, ಅದನ್ನೆಲ್ಲ ಅವರು ಚಿತ್ರೀಕರಿಸಿ ಕಾಪಿಡುತ್ತಾರೆ. ತಂಡದ ಪ್ರದರ್ಶನಗಳನ್ನು ಏರ್ಪಡಿಸುವ ಇಲ್ಲಿನ ಕನ್ನಡ ಸಂಘದ ಅಧ್ಯಕ್ಷ ಹನುಮಂತರಾಜು ಬೆಂಗಳೂರು ಗ್ರಾಮಾಂತರದವರು. ಯಕ್ಷಗಾನದ ಗಂಧಗಾಳಿ ಇಲ್ಲದಿದ್ದರೂ ಉತ್ಸಾಹಕ್ಕೆ ಕೊರತೆಯಿಲ್ಲ. ಅವರು ಕೂಡಲೇ ಪ್ರಣೀತಾಳ ಹೆಸರು ಕೊಟ್ಟರು. ಆಯ್ಕೆಗೆ ಮೊದಲಿನ ಚಿತ್ರೀಕರಣ ಎಲ್ಲಿ? ವೇಷಗಳೆಲ್ಲ ಇರುವ ಸೌದಾಮಿನಿಯ ಗ್ಯಾರೇಜಿನಲ್ಲಿ.

ಸಂಸ್ಥೆಯ ಹೆಂಗಸು ಕೆಮರಾ ಹೊತ್ತು ಬಂದಳು. ಬಹಳ ಮರ್ಯಾದಸ್ಥೆ, ಚಪ್ಪಲಿ ಹೊರಗೆ ಬಿಟ್ಟು ಬಂದಳು, ಕಾಫಿ ಚೆನ್ನಾಗಿದೆ ಎಂದಳು. ದಗಲೆಗಳ ಸಾಲಿನ ಮುಂದೆ ಪ್ರಣೀತಾಳನ್ನು ಕೂರಿಸಿ ಪ್ರಶ್ನೆ ಕೇಳತೊಡಗಿದಳು. ಐದು ನಿಮಿಷದ ಮೇಲೆ ಸೌದಾಮಿನಿಯ ಕಡೆ ತಿರುಗಿ, ಸ್ವಲ್ಪ ಪಕ್ಕಕ್ಕೆ ಸರಿಯುತ್ತೀರಾ, ನಿಮ್ಮ ನೆರಳು ಬೀಳುತ್ತಿದೆ ಎಂದು ಇಂಗ್ಲಿಷಿನಲ್ಲಿ ನಗುತ್ತ ಹೇಳಿದಳು. ಸೌದಾಮಿನಿ ತನ್ನ ಸ್ವಂತ ಗ್ಯಾರೇಜಿನಲ್ಲಿ ಪಕ್ಕಕ್ಕೆ ಸರಿದಳು. ಸರಿಯುತ್ತ ಸರಿಯುತ್ತ ಅಡುಗೆಮನೆಗೇ ಹೋಗಿ, ತೊಳೆದಿದ್ದ ಲೋಟಗಳನ್ನು ಮತ್ತೆ ತೊಳೆದಳು. ಪ್ರಣೀತಾ ಒಳಗೆ ಬಂದು, ‘ಆಂಟಿ, ನೀವೂ ಬಂದು ಎಂತಾದ್ರೂ ಹೇಳಿ’ ಎಂದು ಕರೆದದ್ದು ನಿಜ. ‘ನನಗೆಂತ ಉಂಟು ಹೇಳ್ಲಿಕ್ಕೆ, ನೀನೇ ಹೇಳು’ ಎಂದು ಅವಳು ಬೆನ್ನು ತಿರುಗಿಸಿಯೇ ನಿಂತದ್ದೂ ನಿಜ.

ಸಂಜೆ ಹನುಮಂತರಾಜುವಿಗೆ ಫೋನ್ ಮಾಡಿದಳು. ಹೇಗೆ ಕೇಳುವುದೆಂದು ತಿಳಿಯದೆ ಸುತ್ತಿ ಬಳಸಿ ಕೇಳಿದಳು.

‘ಅಯ್ಯೋ ಮೇಡಂ, ತಪ್ಪು ತಿಳ್ಕೋಬೇಡಿ,’ ಎಂದರು ಅವರು. ‘ಅವ್ರು ಕೇಳಿರೋದು ಆರ್ಟಿಸ್ಟು. ನಿಮ್ದು ಬ್ಯಾಕ್‌ಸ್ಟೇಜ್ ಸಪೋರ್ಟು. ನೀವಿಲ್ದೆ ನಾವಿಲ್ಲ, ಅದು ಬೇರೆ ವಿಷ್ಯ. ಪ್ರೋಗ್ರಾಂ ಕೊನೇಲಿ ಥ್ಯಾಂಕ್ಸ್ ಹೇಳೇ ಹೇಳ್ತೀವಲ್ಲ.’

ತಂಡದ ಆ ವರ್ಷದ ಪ್ರದರ್ಶನದ ದಿನ ಬಂತು. ವಾಲ್ನಟ್ ಕ್ರೀಕಿನ ಶಾಲೆಯೊಂದರ ಸಭಾಂಗಣ. ಮಧ್ಯಾಹ್ನ ಎರಡಕ್ಕೆ ಶುರು, ಐದೂವರೆಗೆ ಬಾಗಿಲು ಹಾಕಿ ಹೊರಡಬೇಕು. ಬೆಳಿಗ್ಗೆ ಸೌದಾಮಿನಿ ಔಷಧಿ ಅಂಗಡಿಗೆ ಹೋಗಿ ಮಣಿಕಟ್ಟಿಗೆ ಹಾಕುವ ಕಪ್ಪು ಪಟ್ಟಿಯೊಂದನ್ನು ತಂದಳು. ಅದನ್ನು ಬಲಗೈಗೆ ಬಿಗಿದುಕೊಂಡು ಬಣ್ಣದ ಕೋಣೆಗೆ ಹೋಗಿ, ‘ಕೈ ಉಳುಕಿದೆ. ಇವತ್ತು ಕಟ್ಟಲಿಕ್ಕಾಗುವುದಿಲ್ಲ. ರೆಡಿಮೇಡ್ ಇಟ್ಕೊಳ್ಳಿ’ ಎಂದಳು. ಭೋಜ ಬಾಯಿ ತೆರೆದ. ಅವಳು ನೋಡಿದ ನೋಟಕ್ಕೆ ಮುಚ್ಚಿಕೊಂಡ.

ಮುಖಕ್ಕೆ ಅರ್ಧ ಬಣ್ಣ ಹಚ್ಚಿದ್ದ ಪ್ರಣೀತಾ ಎದ್ದು ಬಂದು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು. ‘ಎಂತಾಯ್ತು ಆಂಟಿ? ಯಾವಾಗ?’ ಎಂದು ತನ್ನ ಚೀಲದಿಂದ ನೋವಿನ ಎಣ್ಣೆ ತೆಗೆದು, ಪಟ್ಟಿಯ ಅಂಚಿನಲ್ಲಿ ಮೆಲ್ಲಗೆ ತಿಕ್ಕಿದಳು. ಸೌದಾಮಿನಿಗೆ ನಾಚಿಕೆಯಾಯಿತು. ನಾಚಿಕೆ ತರಿಸಿದಳಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

‘ರೆಡಿಮೇಡ್ ಬೇಡ. ನಾನೇ ಕಟ್ಕೊಂಡು ನೋಡ್ತೇನೆ,’ ಎಂದಳು ಪ್ರಣೀತಾ. ಫೋನ್ ತೆಗೆದು ಕನ್ನಡಿಗೆ ಒರಗಿಸಿದಳು. ಅದರಲ್ಲಿ ಸೌದಾಮಿನಿಯ ಕೈಗಳಿದ್ದವು. ಎರಡು ವರ್ಷದಿಂದ, ತನ್ನ ತಲೆಗೆ ಮುಂಡಾಸು ಕಟ್ಟಿಸಿಕೊಳ್ಳುವಾಗಲೆಲ್ಲ ಹುಡುಗಿ ಎದುರಿಗೆ ಫೋನಿಟ್ಟು ವಿಡಿಯೋ ತೆಗೆದಿದ್ದಳು. ತನ್ನನ್ನೇ ತೆಗೆದುಕೊಳ್ಳುತ್ತಿದ್ದಾಳೆ, ಎಷ್ಟು ಜಂಬ ಎಂದು ಸೌದಾಮಿನಿ ಎಣಿಸಿದ್ದಳು. ಈಗ ನೋಡಿದರೆ ಚಿತ್ರದಲ್ಲಿ ಪ್ರಣೀತಾಳ ಮುಖ ಅರ್ಧಕ್ಕೇ ಕತ್ತರಿಸಿಹೋಗಿತ್ತು; ತುಂಬ ಇದ್ದದ್ದು ಸೌದಾಮಿನಿಯ ಬೆರಳು.

ಅವಳಿಗೆ ಅದು ಸಂತೋಷ ಕೊಡಬೇಕಿತ್ತು. ಕೊಡಲಿಲ್ಲ. ಕುಣಿತವಂತೂ ಇವಳದ್ದು, ಈಗ ಇದೊಂದನ್ನೂ ಕದ್ದಳು ಎನಿಸಿತು.

ಪ್ರಣೀತಾ ಸುತ್ತತೊಡಗಿದಳು. ಬೆರಳು ತಡವರಿಸಿದರೂ ಆಕಾರ ಏರಿತು. ಮೂರನೆಯ ಸುತ್ತಿನಲ್ಲಿ ಸೌದಾಮಿನಿಗೆ ತಪ್ಪು ಕಂಡಿತು. ಎದುರಿನಿಂದ ತೆಗೆದ ವಿಡಿಯೋ ನೋಡಿ, ಕಂಡದ್ದನ್ನು ಹಾಗೆಯೇ ತನ್ನ ತಲೆಗೆ ಸುತ್ತಿಕೊಂಡರೆ ಬಲ ಎಡವಾಗುತ್ತದೆ. ಬಲದಿಂದ ಬರಬೇಕಾದ ಹುಲ್ಲಿನ ಹಗ್ಗ ಎಡದಿಂದ ಬರುತ್ತಿತ್ತು. ನಿಂತಾಗ ಗೊತ್ತಾಗುವುದಿಲ್ಲ. ಗಿರಕಿ ಹೊಡೆದಾಗ ಪ್ರತಿ ಸುತ್ತಿಗೂ ಬಿಗಿಯಾಗುವ ಬದಲು ಕೂದಲೆಳೆಯಷ್ಟು ಸಡಿಲಾಗುತ್ತದೆ.

‘ಸರಿ ಉಂಟಾ ಆಂಟಿ?’ ಎಂದು ಪ್ರಣೀತಾ ಕನ್ನಡಿಯಲ್ಲಿಯೇ ಕೇಳಿದಳು.

‘ಹೂಂ,’ ಎಂದಳು ಸೌದಾಮಿನಿ. ‘ಚಂದ ಉಂಟು.’

ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಅವಳು ಪ್ರೇಕ್ಷಕರ ನಡುವೆ ಹೋಗಿ ಕೂತಳು. ಅದು ಬೀಳುವುದನ್ನು ಎದುರಿನಿಂದಲೇ ನೋಡಬೇಕಿತ್ತು. ಚೆಂಡೆ ಏರಿತು. ತರುಣ ವೀರನ ವೇಷದಲ್ಲಿ ಪ್ರಣೀತಾ ರಂಗಕ್ಕೆ ಬಂದಾಗ ಸಭೆ ನೆಟ್ಟಗೆ ಕೂತಿತು. ಚೆನ್ನಾಗಿ ಕುಣಿಯುತ್ತಾಳೆ ಎಂಬುದು ಚೌಕಿಯ ಬಾಗಿಲ ಸಂದಿಯಿಂದ ನೋಡಿ ಗೊತ್ತಿತ್ತು. ಎಷ್ಟು ಚೆನ್ನಾಗಿ ಎಂಬುದು ಗೊತ್ತಿರಲಿಲ್ಲ. ಸೌದಾಮಿನಿಯ ಕಾಲಿನ ಹೆಬ್ಬೆರಳು ಚಪ್ಪಲಿಯೊಳಗೆ ತಾನಾಗಿ ತಾಳ ಹಿಡಿಯಿತು. ಅವಳು ಅದನ್ನು ಒತ್ತಿ ಹಿಡಿದಳು. ಬೀಳಲಿ, ಬೀಳಲಿ ಎಂದು ಒಳಗೊಳಗೇ ಎಣಿಸತೊಡಗಿದಳು. ಹತ್ತು ಗಿರಕಿ. ಹದಿನೈದು. ಇಪ್ಪತ್ತಕ್ಕೆ ಮುಂಡಾಸು ಎಡಕ್ಕೆ ವಾಲಿತು.

‘ಅಯ್ಯೋ, ಮುಂಡಾಸು!’ ಎಂದ ಪಕ್ಕದಲ್ಲಿ ಕೂತಿದ್ದ ಭೋಜ.

ಸೌದಾಮಿನಿಯ ಎದೆಯಲ್ಲಿ ಹಾಲು ಉಕ್ಕಿದಂತಾಯಿತು. ಆ ಸುಖ ಎಷ್ಟು ಹೊತ್ತು ಇತ್ತೋ, ನಾಲ್ಕು ಗಿರಕಿಯಷ್ಟು ಇರಬಹುದು. ಹಿಂದಿನ ಸಾಲಿನಲ್ಲಿ ಒಬ್ಬಾಕೆ ಪಕ್ಕದವಳಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು: ‘ಸೌದಾಮಿನಿಯವ್ರು ಕಟ್ಟೋದಲ್ವಾ ಅದು? ಪಾಪ, ವಯಸ್ಸಾಯ್ತು ನೋಡಿ. ಮೊದಲೆಲ್ಲ ಅಲ್ಲಾಡ್ತಾನೇ ಇರ್ಲಿಲ್ಲ.’

ಅಂದರೆ ಎಲ್ಲರಿಗೂ ಗೊತ್ತಿತ್ತು. ಹದಿನಾಲ್ಕು ವರ್ಷ ಅದು ಅಲ್ಲಾಡದೆ ನಿಂತಾಗ ಯಾರ ಬಾಯಲ್ಲೂ ಬಾರದ ಹೆಸರು, ವಾಲಿದ ಕೂಡಲೇ ನಾಲಿಗೆಯ ತುದಿಯಲ್ಲಿತ್ತು. ರಂಗದ ಮೇಲೆ ಪ್ರಣೀತಾ ಎಡಗೈಯನ್ನು ತಲೆಗೆ ಒಯ್ದು ಮುಂಡಾಸನ್ನು ಹಿಡಿದು, ಅದೇ ಒಂದು ಭಂಗಿ ಎಂಬಂತೆ, ಒಂದೇ ಕೈಯಲ್ಲಿ ಬಿಲ್ಲು ತಿರುಗಿಸುತ್ತ ಕುಣಿದಳು. ಸಭೆ ಚಪ್ಪಾಳೆ ತಟ್ಟಿತು. ಬೀಳುವ ಮುಂಡಾಸಿಗೂ ಇವಳಿಗೇ ಚಪ್ಪಾಳೆ! ಸೌದಾಮಿನಿ ಎದ್ದಳು. ಮಣಿಕಟ್ಟಿನ ಪಟ್ಟಿಯನ್ನು ಬಿಚ್ಚಿ ಭೋಜನ ಮಡಿಲಿಗೆ ಎಸೆದು ಚೌಕಿಗೆ ನಡೆದಳು.

ಪ್ರಣೀತಾ ಒಳಗೆ ಬಂದಾಗ ಅವಳ ಮುಖದ ಬಣ್ಣದ ಮೇಲೆ ಬೆವರಿನ ಗೆರೆಗಳಿದ್ದವು. ಹುಲ್ಲಿನ ಹಗ್ಗ ಬಿಗಿದು ಸಿದ್ಧವಿತ್ತು, ಸುತ್ತುವುದಷ್ಟೇ ಬಾಕಿ; ಆದರೂ ಮುಂದಿನ ಪ್ರವೇಶಕ್ಕೆ ಹೆಚ್ಚೆಂದರೆ ಹನ್ನೆರಡು ನಿಮಿಷ. ‘ಕೂತ್ಕೋ,’ ಎಂದಳು ಸೌದಾಮಿನಿ. ಪಟಪಟನೆ ಬಿಚ್ಚಿ ಮತ್ತೆ ಕಟ್ಟತೊಡಗಿದಳು, ಬಲದಿಂದ. ಉಳುಕಿದ ಕೈ ಓಡುತ್ತಿದ್ದ ವೇಗವನ್ನು ಪ್ರಣೀತಾ ಕನ್ನಡಿಯಲ್ಲಿ ನೋಡಿದಳು.

‘ಕೈ ಸರಿ ಉಂಟಲ್ಲ?’

‘ಸರಿಯೇ ಇತ್ತು. ನೀನು ಎಡದಿಂದ ಸುತ್ತಿದ್ದೂ ಕಂಡಿತ್ತು. ಹೇಳಲಿಲ್ಲ.’

‘ಎಂತಕ್ಕೆ?’

‘ಹೊಟ್ಟೆಕಿಚ್ಚು,’ ಎಂದಳು ಸೌದಾಮಿನಿ, ಬಾಯಲ್ಲಿ ಕಚ್ಚಿ ಹಿಡಿದಿದ್ದ ಪಿನ್ನನ್ನು ತೆಗೆದು.

ಪ್ರಣೀತಾ ಕನ್ನಡಿಯಿಂದ ಕಣ್ಣು ಕಿತ್ತು ಅವಳ ಕಡೆಗೇ ತಿರುಗಿದಳು. ‘ಉಡುಪಿಯಲ್ಲಿ ನನ್ನಮ್ಮ ಬೆಳಗಿನ ಜಾವಕ್ಕೇ ಎದ್ದು ಲೈವ್ ನೋಡ್ತಾ ಇದ್ದಾರೆ ಆಂಟಿ. ಅದು ಬಿದ್ದಿದ್ರೆ? ನಿಮ್ಮ ಹೆಸರು ಪೇಪರಿನಲ್ಲಿ ಹಾಕಿ ಅಂತ ನಾನು ಎರಡು ಸಲ ಹೇಳಿದ್ದೆ. ಹಾಕ್ಲಿಲ್ಲ ಅವರು. ಕೆಮರಾದವಳ ಮುಂದೆ ಬನ್ನಿ ಅಂತ ಕರೆದ್ರೆ ನೀವು ಪಾತ್ರೆ ತೊಳೀತಾ ನಿಂತ್ರಿ. ನಾನು ಇನ್ನೆಂತ ಮಾಡ್ಬೇಕಿತ್ತು?’

ಸೌದಾಮಿನಿ ಕೊನೆಯ ಜರಿಪಟ್ಟಿ ಎಳೆದು ಗಂಟು ಹಾಕಿದಳು. ಪ್ರಣೀತಾ ‘ಥ್ಯಾಂಕ್ಸ್’ ಅನ್ನದೆ ಎದ್ದು ಹೋದಳು. ಉಳಿದ ಒಂದು ಗಂಟೆ ಮುಂಡಾಸು ಕದಲಲಿಲ್ಲ.

ಅದಾದ ಮೇಲೆ ಐದು ವಾರ ಪ್ರಣೀತಾ ಗ್ಯಾರೇಜಿನ ಕಡೆ ತಲೆಹಾಕಲಿಲ್ಲ. ಸೌದಾಮಿನಿ ಪ್ಯಾಂಟುಗಳ ಅಂಚು ಮಡಚುತ್ತ ತನ್ನಷ್ಟಕ್ಕೆ ವಾದ ಮಾಡಿದಳು. ಮಾಡಿದ್ದು ತಪ್ಪೇ. ಆದರೆ ಹನುಮಂತರಾಜು ಹೇಳಿದ್ದೂ ತಪ್ಪೇ. ಒಂದು ರವಿವಾರ ಭೋಜನನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ, ‘ಆ ಸಂಸ್ಥೆಯ ಅರ್ಜಿ ತೆಗೀರಿ. ನನ್ನ ಹೆಸರಲ್ಲಿ ಹಾಕ್ಬೇಕು’ ಎಂದಳು.

‘ಎಂತ ಕಲೆ ಅಂತ ಬರೀಲಿ ಮಾರಾಯ್ತಿ?’

‘ಮುಂಡಾಸು ಕಟ್ಟುವುದು.’

ಭೋಜ ಎರಡು ಬೆರಳಿನಲ್ಲಿ ಒಂದೊಂದೇ ಅಕ್ಷರ ಕುಟ್ಟಿದ. ಎಷ್ಟು ವರ್ಷದ ಅನುಭವ, ಬಳಸುವ ಸಾಮಗ್ರಿ ಏನು, ಎಲ್ಲಕ್ಕೂ ಅವಳು ಲೆಕ್ಕವಿಟ್ಟವಳಂತೆ ಹೇಳಿದಳು. ರಸ್ತೆ ಕೆಲಸದ ಹುಲ್ಲಿನ ವಿಷಯವನ್ನೇ ಒಂದು ಪುಟ ಬರೆಸಿದಳು. ಕೊನೆಯ ಪ್ರಶ್ನೆಗೆ ಬಂದು ಇಬ್ಬರೂ ನಿಂತರು. ಯಾರಿಗೆ ಕಲಿಸುತ್ತೀರಿ? ಶಿಷ್ಯೆಯ ಹೆಸರು ಮತ್ತು ಸಹಿ ಬೇಕು.

ತಂಡದಲ್ಲಿ ಹುಲ್ಲು ಮುಟ್ಟಿದವರೇ ಇರಲಿಲ್ಲ. ಎಡಬಲ ತಪ್ಪಾದರೂ ಒಂದು ಮುಂಡಾಸು ಪೂರ್ತಿ ಕಟ್ಟಿದವಳು ಈ ಊರಿನಲ್ಲಿ ಒಬ್ಬಳೇ. ಸೌದಾಮಿನಿ ಎರಡು ದಿನ ಫೋನನ್ನು ನೋಡುತ್ತ ಓಡಾಡಿದಳು. ಮೂರನೆಯ ದಿನ ಅಂಗಡಿಯ ಊಟದ ಬಿಡುವಿನಲ್ಲಿ ಕರೆ ಮಾಡಿದಳು.

‘ಅವತ್ತು ಮಾಡಿದ್ದು ದೊಡ್ಡ ತಪ್ಪು ಮಗಾ. ಅದಕ್ಕೇ ಫೋನ್ ಮಾಡಿದ್ದು ಅಂತ ಹೇಳಿದ್ರೆ ಸುಳ್ಳಾಗ್ತದೆ. ಅರ್ಜಿಗೆ ನಿನ್ನ ಸಹಿಯೂ ಬೇಕು.’

ಆ ಕಡೆ ಬಸ್ಸಿನ ಸದ್ದು ಕೇಳುತ್ತಿತ್ತು. ‘ಅಷ್ಟಾದ್ರೂ ಸತ್ಯ ಹೇಳಿದ್ರಲ್ಲ,’ ಎಂದಳು ಪ್ರಣೀತಾ. ‘ಬರ್ತೇನೆ. ಆದ್ರೆ ನಂಗೆ ಸಿಟ್ಟು ಹೋಗ್ಲಿಲ್ಲ, ಆಯ್ತಾ.’

‘ನಂಗೂ ಪೂರ್ತಿ ಹೋಗ್ಲಿಲ್ಲ,’ ಎಂದಳು ಸೌದಾಮಿನಿ.

ಸಂಸ್ಥೆಯ ಪಟ್ಟಿ ಪ್ರಕಟವಾದಾಗ ಪ್ರಣೀತಾಳ ಕುಣಿತಕ್ಕೆ ಆ ವರ್ಷವೇ ಆಯ್ಕೆಯಾಗಿತ್ತು. ಸೌದಾಮಿನಿಯದ್ದನ್ನು ಮುಂದಿನ ವರ್ಷ ಪರಿಗಣಿಸುತ್ತೇವೆ ಎಂದು ಪತ್ರ ಬಂತು. ಅವಳು ಅದನ್ನು ಓದಿ ಮಡಚಿಟ್ಟು, ಒಂದು ಹೊತ್ತು ಊಟ ಬಿಟ್ಟಳು. ಪ್ರಣೀತಾ ಕೊಟ್ಟ ಸಿಹಿಯ ಡಬ್ಬಿಯನ್ನು ಭೋಜನೊಬ್ಬನೇ ಖಾಲಿ ಮಾಡಬೇಕಾಯಿತು. ಆದರೂ ಅರ್ಜಿ ಹಾಕಿದಂದಿನಿಂದ ಗ್ಯಾರೇಜಿನಲ್ಲಿ ಶುರುವಾಗಿದ್ದ ರವಿವಾರದ ಪಾಠ ನಿಲ್ಲಲಿಲ್ಲ. ಪ್ರಣೀತಾಳ ಜೊತೆ ಮತ್ತಿಬ್ಬರು ಬರತೊಡಗಿದರು. ಮಂಡ್ಯದ ಕಡೆಯ ಸಂಯುಕ್ತಾ ಎಂಬವಳು ಯಕ್ಷಗಾನವನ್ನೇ ನೋಡಿರಲಿಲ್ಲ, ಆದರೆ ಅವಳದ್ದು ಜಡೆ ಹೆಣೆದು ಪಳಗಿದ ಕೈ. ಎರಡೇ ವಾರದಲ್ಲಿ ಹಗ್ಗ ಬಿಗಿಯುವುದನ್ನು ಕಲಿತುಬಿಟ್ಟಳು. ಪ್ರಣೀತಾಳ ಬೆರಳುಗಳಿಗೆ ಮಾತ್ರ ಅದು ಒಲಿಯಲೊಲ್ಲದು. ಕಾಲಿಗಿದ್ದ ಜಾಣತನ ಕೈಗಿರಲಿಲ್ಲ. ಅವಳು ಸುತ್ತಿದ್ದು ಒಮ್ಮೆ ಗುಡ್ಡೆಯಾಗುತ್ತಿತ್ತು, ಒಮ್ಮೆ ಸೋರೆಕಾಯಿಯಾಗುತ್ತಿತ್ತು. ಸೌದಾಮಿನಿ ಇದನ್ನು ನೋಡಿ ನೋಡಿ ತಣಿದಳು. ಮನೆಗೆಲಸ ಮಾಡುತ್ತ ಗುನುಗುವುದು ಅವಳಿಗೆ ಮತ್ತೆ ಅಭ್ಯಾಸವಾಯಿತು.

ಮೊನ್ನೆಯ ರವಿವಾರ ಪ್ರಣೀತಾ ತನ್ನ ತಲೆಗೇ ನಾಲ್ಕು ಬಾರಿ ಕಟ್ಟಿ ನಾಲ್ಕು ಬಾರಿ ಬಿಚ್ಚಿದಳು. ಐದನೆಯ ಸಲ ತುಟಿ ಕಚ್ಚಿಕೊಂಡು, ಬಲದಿಂದ, ಒಂದೊಂದೇ ಸುತ್ತನ್ನು ಒತ್ತಿ ಕೂರಿಸುತ್ತ ಬಂದಳು. ಜರಿಯಂಚು ಹಣೆಯ ನಡುವಿಗೆ ಸರಿಯಾಗಿ ಕೂತಿತು. ಸಂಯುಕ್ತಾ ‘ವಾವ್’ ಎಂದಳು.

‘ಸರಿ ಆಯ್ತಾ ಆಂಟಿ?’

ಸೌದಾಮಿನಿ ಹಿಂದಿನಿಂದ ಬಂದು ಅವಳ ಸುತ್ತ ಒಮ್ಮೆ ನಡೆದಳು. ಬೆರಳು ತೂರಿಸಿ ಬಿಗಿ ನೋಡಿದಳು. ಹಿಡಿತ ಗಟ್ಟಿಯಿತ್ತು, ಆಕಾರವೂ ಇತ್ತು. ಅವಳಪ್ಪ ಇದ್ದಿದ್ದರೆ ಹೂಂ ಎನ್ನುತ್ತಿದ್ದರು.

‘ಇಲ್ಲ,’ ಎಂದಳು ಸೌದಾಮಿನಿ ಬಲು ತೃಪ್ತಿಯಿಂದ. ‘ಬಿಚ್ಚು. ಇನ್ನೊಮ್ಮೆ ಕಟ್ಟು.’